ದೀಪದ ನಂತರದ ಐವತ್ತು ವರ್ಷ

ಕಳೆದ ವರ್ಷ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಪೈ ಚಿತ್ರ ಬಿಡಿಸಲು ಹೇಳಿದ ದಿನ ನನ್ನಿಂದ ಕೈವಾರ ಹಿಡಿಯಲು ಆಗಲಿಲ್ಲ. ಬೆಳಗಿನ ಮೊದಲ ಪಿರಿಯಡ್ ಅದು. ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಕೈವಾರ ಎರಡು ಸಲ ಜಾರಿ ಡೆಸ್ಕಿನ ಕೆಳಗೆ ಬಿತ್ತು. ಎರಡನೆಯ ಸಲ ನಾನು ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ. ಮೇಡಂ ನೋಡಿದರು, ಆದರೆ ಎಲ್ಲರ ಮುಂದೆ ಏನೂ ಕೇಳಲಿಲ್ಲ. ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಕರೆದು ಒಂದು ಬಣ್ಣದ ಚಿತ್ರದ ಪ್ರಿಂಟ್ ಕೈಗೆ ಕೊಟ್ಟರು. ಹೂವಿನ ಎಸಳುಗಳನ್ನು ಸುತ್ತಲೂ ಜೋಡಿಸಿದ ಹಾಗಿತ್ತು. ದೊಡ್ಡ ನೀಲಿ ಎಸಳುಗಳು, ಒಳಗೆ ಚಿಕ್ಕದಾಗಿ ಕೆಂಪು, ಕಪ್ಪು. ಇದನ್ನು ಮಾಡಿದವರು ಯಾರೆಂದು ಕೇಳಿದರು. ಫ್ಲಾರೆನ್ಸ್ ನೈಟಿಂಗೇಲ್ ಎಂದು ಅವರೇ ಹೇಳಿದಾಗ ನನಗೆ ಸಣ್ಣ ತರಗತಿಯಲ್ಲಿ ಓದಿದ ದೀಪಧಾರಿಣಿಯ ಪಾಠ ನೆನಪಾಯಿತು. ಆದರೆ ಆಮೇಲೆ ಅವರು ಹೇಳಿದ್ದು ಆ ಪಾಠದಲ್ಲಿ ಇರಲಿಲ್ಲ. ಈ ಚಿತ್ರ ಅಚ್ಚಾಗುವ ಹೊತ್ತಿಗೆ ಆಕೆ ಹಾಸಿಗೆ ಹಿಡಿದಾಗಿತ್ತು, ಮುಂದಿನ ಹಲವು ದಶಕ ಆ ಕಾಯಿಲೆ ಬಿಡಲಿಲ್ಲ ಎಂದರು.

ಆ ದಿನ ನನ್ನ ಬ್ಯಾಗಿನಲ್ಲಿ ಟಿ.ಸಿ. ಕೇಳಿ ಬರೆದ ಅರ್ಜಿ ಇತ್ತು. ಅಬ್ಬಾ ಸಹಿಯನ್ನೂ ಹಾಕಿದ್ದರು.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಇದು ಮುದುಕರಿಗೆ ಬರುವ ಮಂಡಿನೋವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಬೀಳುವ ಕಾಯಿಲೆ. ಎಸ್ಸೆಸ್ಸೆಲ್ಸಿಯಲ್ಲಿ ಶುರುವಾಯಿತು, ಪ್ರಥಮ ಪಿಯುಸಿಯ ಒಂದು ವರ್ಷವನ್ನು ತಿಂದುಹಾಕಿತು. ಇದರ ದೊಡ್ಡ ತೊಂದರೆ ನೋವಲ್ಲ. ಬೆಳಿಗ್ಗೆ ಎದ್ದಾಗ ಕೈಕಾಲು ಮರದ ಹಾಗೆ ಬಿಗಿದಿರುತ್ತವೆ, ಸಂಜೆಗೆ ಸಡಿಲವಾಗುತ್ತವೆ. ಹಾಗಾಗಿ ಬೆಳಿಗ್ಗೆ ಕಾಲೇಜಿಗೆ ಬಾರದ ಹುಡುಗಿ ಸಂಜೆ ಮದುವೆಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಾಳೆ. ನಾಟಕ ಎಂಬ ಮಾತು ನನ್ನ ಕಿವಿಗೆ ಮೂರು ಸಲವಾದರೂ ಬಿದ್ದಿದೆ. ವಾರಕ್ಕೊಮ್ಮೆ ನುಂಗುವ ಮಾತ್ರೆಯಿಂದ ಮರುದಿನ ಹೊಟ್ಟೆ ತೊಳಸುತ್ತದೆ. ಅದಕ್ಕೇ ಶನಿವಾರ ರಾತ್ರಿ ನುಂಗಿ ಭಾನುವಾರವನ್ನು ಅದಕ್ಕೆ ಬಿಟ್ಟುಕೊಡುತ್ತೇನೆ. ಇಷ್ಟು ಸಾಕು, ಈ ಲೇಖನ ನನ್ನ ಬಗ್ಗೆ ಅಲ್ಲ.

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಇಟ್ಟರು. ಸಿರಿವಂತ ಇಂಗ್ಲಿಷ್ ಕುಟುಂಬ. ತಂದೆಯೇ ಮಗಳಿಗೆ ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದರು. ಗಣಿತದ ಹುಚ್ಚು ಆಕೆಗೆ ಮೊದಲಿನಿಂದ ಇತ್ತು. ರೋಗಿಗಳ ಸೇವೆಗೆ ಹೋಗುತ್ತೇನೆಂದಾಗ ಮನೆಯವರು ಹೌಹಾರಿದರು, ಏಕೆಂದರೆ ಆ ಕಾಲದಲ್ಲಿ ಅದು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸವಾಗಿರಲಿಲ್ಲ. ಹಲವು ವರ್ಷ ಹಟ ಹಿಡಿದು, ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದು, 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದಳು.

ಮರುವರ್ಷ ಕ್ರಿಮಿಯಾ ಯುದ್ಧ. ಬ್ರಿಟನ್, ಫ್ರಾನ್ಸ್, ತುರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. 1854ರ ನವೆಂಬರ್ 4ರಂದು 38 ದಾದಿಯರೊಂದಿಗೆ ಆಕೆ ಸ್ಕುಟಾರಿಯಲ್ಲಿ ಇಳಿದಳು. ಇಸ್ತಾಂಬುಲ್ ನಗರದ ಏಷ್ಯಾ ದಂಡೆಯಲ್ಲಿರುವ ಈಗಿನ ಉಸ್ಕುದಾರ್ ಅದು. ತುರ್ಕಿ ಸೇನೆಯ ಸೆಲಿಮಿಯೆ ಬ್ಯಾರಕ್ಕನ್ನೇ ಬ್ರಿಟಿಷರು ಆಸ್ಪತ್ರೆ ಮಾಡಿಕೊಂಡಿದ್ದರು. ಅಲ್ಲಿಯ ಇಲಿ, ಕೊಳಚೆ, ನೆಲದ ಮೇಲೆ ಸಾಲಾಗಿ ಮಲಗಿದ ಗಾಯಾಳುಗಳ ವಿಷಯ ನೀವೂ ಪಾಠದಲ್ಲಿ ಓದಿರುತ್ತೀರಿ. ಆ ಪ್ರಸಿದ್ಧ ದೀಪದ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ಚಿತ್ರಗಳಲ್ಲಿ ಅಲ್ಲಾವುದ್ದೀನನ ದೀಪದಂಥದ್ದನ್ನು ಆಕೆಯ ಕೈಗೆ ಕೊಡುತ್ತಾರೆ. ನಿಜವಾಗಿ ಆಕೆ ಹಿಡಿದದ್ದು ಮಡಚುವ, ಮೈಗೆಲ್ಲ ನೆರಿಗೆಯಿರುವ ತುರ್ಕಿ ಲಾಟೀನು. ಅದರ ಹೆಸರು ಫಾನೂಸ್. ಇದನ್ನು ಹೇಳಿದಾಗ ನನ್ನ ದಾದಿಮಾಗೆ ಬಹಳ ಖುಷಿಯಾಯಿತು. ನಮ್ಮ ಮನೆಯ ಮಾತಿನಲ್ಲೂ ಅದು ಫಾನೂಸೇ.

1855ರ ಮೇ ತಿಂಗಳಲ್ಲಿ ಕ್ರಿಮಿಯಾದ ಬಾಲಕ್ಲಾವಾಕ್ಕೆ ಆಸ್ಪತ್ರೆಗಳ ತಪಾಸಣೆಗೆ ಹೋದಾಗ ಆಕೆಗೆ ಭಾರಿ ಜ್ವರ ಬಂತು. ಬದುಕುವುದೇ ಅನುಮಾನ ಎನ್ನುವಂತಾಯಿತು. ಕೂದಲು ಕತ್ತರಿಸಿದರು. ಚೇತರಿಸಿಕೊಂಡವಳು ಊರಿಗೆ ಮರಳಲು ಒಪ್ಪಲಿಲ್ಲ, ಯುದ್ಧ ಮುಗಿಯುವವರೆಗೂ ಅಲ್ಲೇ ಇದ್ದಳು. 1856ರ ಆಗಸ್ಟ್‌ನಲ್ಲಿ, ಮೆರವಣಿಗೆ ಮಾಡಿಯಾರೆಂದು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿ, ಸದ್ದಿಲ್ಲದೆ ಮನೆ ಸೇರಿದಳು. ನಮ್ಮ ಪಾಠ ಸರಿಸುಮಾರು ಇಲ್ಲಿಗೆ ಮುಗಿಯುತ್ತದೆ. ಆಗ ಆಕೆಗೆ 36 ವರ್ಷ.

ಮರುವರ್ಷ ಆಗಸ್ಟ್‌ನಲ್ಲಿ ಆಕೆ ಕುಸಿದು ಬಿದ್ದಳು. ಜ್ವರ ಬಂದು ಹೋಗುವುದು, ಎದೆ ಹೊಡೆದುಕೊಳ್ಳುವುದು, ಏದುಸಿರು, ಊಟ ಕಂಡರೆ ವಾಕರಿಕೆ, ನಿದ್ದೆ ಇಲ್ಲ. ಕೆಲವು ವರ್ಷಗಳಲ್ಲಿ ಬೆನ್ನುಹುರಿಯ ಭಾಗದಲ್ಲಿ ಭಯಂಕರ ನೋವೂ ಸೇರಿಕೊಂಡಿತು. 1861ರ ಕೊನೆಯ ಹೊತ್ತಿಗೆ ನಡೆಯುವುದೂ ನಿಂತು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತುಕೊಂಡೇ ಹೋಗಬೇಕಾದ ಸ್ಥಿತಿ ಬಂತು. ತಾನು ಇನ್ನು ಕೆಲವೇ ತಿಂಗಳು ಎಂದು ಆಕೆ ನಂಬಿದ್ದಳು. 1857ರಲ್ಲೇ ತನ್ನ ಸಾವಿನ ನಂತರ ಏನು ಮಾಡಬೇಕೆಂದು ಬರೆದಿಟ್ಟಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಕಾಯಿಲೆಯವರಿಗೆ ಎಲ್ಲರೂ ಹೇಳುವುದು ಬೇಗ ಗುಣವಾಗುತ್ತೀಯ, ಧೈರ್ಯವಾಗಿರು ಎಂದು. ಗುಣವಾಗುತ್ತೇನೆಂಬ ನಂಬಿಕೆ ಆಕೆಗೆ ಇರಲೇ ಇಲ್ಲ. ಇವತ್ತು ಉಳಿದಿರುವ ಎರಡು ಗಂಟೆಯ ಶಕ್ತಿಯಲ್ಲಿ ಯಾವ ಕಾಗದ ಮುಗಿಸಬಹುದು ಎಂಬುದಷ್ಟೇ ಆಕೆಯ ಲೆಕ್ಕ.

ಮುಗಿಸಿದ ಕಾಗದಗಳನ್ನು ನೋಡಿ. ಆಸ್ಪತ್ರೆಗಳಲ್ಲಿ ಸತ್ತ ಸೈನಿಕರ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ತೆಗೆದಳು. ಮೇಡಂ ಕೊಟ್ಟ ಚಿತ್ರ ಬಂದದ್ದು ಅಲ್ಲಿಂದ. ಒಂದೊಂದು ಎಸಳು ಒಂದೊಂದು ತಿಂಗಳು. ಕೆಂಪು ಬಣ್ಣ ಗಾಯದಿಂದ ಸತ್ತವರದು, ನೀಲಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರದು. ಕೆಂಪನ್ನು ಹುಡುಕಬೇಕು, ನೀಲಿ ಕಣ್ಣಿಗೆ ರಾಚುತ್ತದೆ. ಆ ನೀಲಿಯಲ್ಲಿ ತನ್ನದೇ ಸ್ಕುಟಾರಿ ಆಸ್ಪತ್ರೆಯ ಸಾವುಗಳೂ ಇದ್ದವು. ತಾನಿದ್ದ ಮೊದಲ ಚಳಿಗಾಲದಲ್ಲಿ ಅಲ್ಲಿ ಜನ ಸತ್ತದ್ದು ಹೆಚ್ಚಾಗಿ ಕೊಳಚೆಯಿಂದ, 1855ರ ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿ ಸರಿಮಾಡಿದ ಮೇಲೆ ಸಾವು ಇಳಿಯಿತು ಎಂಬುದನ್ನು ಆಕೆ ಮುಚ್ಚಿಡಲಿಲ್ಲ. ಲೋಕವೆಲ್ಲ ಹೊಗಳುತ್ತಿದ್ದಾಗ ಹೀಗೆ ಲೆಕ್ಕ ಒಪ್ಪಿಸುವುದು ನನಗೆ ದೀಪ ಹಿಡಿದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. ನಮ್ಮ ಸಂಖ್ಯಾಶಾಸ್ತ್ರ ವಿಭಾಗದ ಗೋಡೆಯ ಮೇಲೆ ಈಕೆಯ ಫೋಟೋ ಯಾಕಿಲ್ಲ ಎಂದು ಈ ಮೂಲಕ ಕೇಳುತ್ತಿದ್ದೇನೆ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಅದನ್ನು ರೂಪಿಸಿದ್ದೂ ಮಲಗಿದಲ್ಲಿಂದಲೇ.

ಆಮೇಲೆ ಭಾರತ. ಇಲ್ಲಿಯ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು, ಅದೂ ಯುದ್ಧದಿಂದಲ್ಲ. 1859ರಲ್ಲಿ ಇದಕ್ಕಾಗಿ ರಾಯಲ್ ಆಯೋಗ ನೇಮಕವಾಯಿತು. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ ಎಂದು ಕೇಳುವ ಪ್ರಶ್ನಾವಳಿಗಳು ಭಾರತದ ಸೈನಿಕ ನೆಲೆಗಳಿಗೆ ಹೋದವು. ಬಂದ ಉತ್ತರಗಳ ರಾಶಿಯನ್ನು ಲಂಡನ್ನಿನ ಹಾಸಿಗೆಯಲ್ಲಿ ಮಲಗಿದ್ದ ಈ ಹೆಂಗಸು ಓದಿದಳು. 1863ರಲ್ಲಿ ಪ್ರಕಟವಾದ ಆಕೆಯ ಟಿಪ್ಪಣಿಯಲ್ಲಿ ನಮ್ಮ ಬೆಂಗಳೂರೂ ಇದೆ. ದಂಡಿನ ಮತ್ತು ಬಜಾರಿನ ಕೊಳಚೆಯೆಲ್ಲ ಹಲಸೂರು ಕೆರೆಗೆ ಹರಿಯುತ್ತದೆ, ಅದೇ ಕೆರೆಯ ನೀರನ್ನು ಕುಡಿಯಲು ಬಳಸುತ್ತಾರೆ ಎಂದು ಆಕೆ ಬರೆದಳು. ಭಾರತಕ್ಕೆ ಒಮ್ಮೆಯೂ ಬಾರದವಳು! ವೈಸ್‌ರಾಯ್ ಆಗಿ ಹೊರಟ ಜಾನ್ ಲಾರೆನ್ಸ್ ಹಡಗು ಹತ್ತುವ ಮೊದಲು ಆಕೆಯನ್ನು ಕಂಡು ಹೋದರು. ಮುಂದೆ ಇಲ್ಲಿಯ ಬರಗಾಲ, ನೀರಾವರಿ, ರೈತರ ಸಾಲದ ಬಗ್ಗೆಯೂ ಆಕೆ ವರ್ಷಗಟ್ಟಲೆ ಬರೆದಳು.

ಇದೆಲ್ಲ ಹೇಗೆ ಸಾಧ್ಯವಾಯಿತೆಂದು ನಾನು ಹುಡುಕಿದೆ, ಏಕೆಂದರೆ ನನಗೆ ಬೇಕಾಗಿದ್ದದ್ದು ಅದೇ. ಸಿಕ್ಕ ಉತ್ತರ ಬಹಳ ಸಾಮಾನ್ಯವಾದದ್ದು. ಆಕೆ ಜನರನ್ನು ಒಬ್ಬೊಬ್ಬರನ್ನಾಗಿ, ಮೊದಲೇ ಸಮಯ ಗೊತ್ತುಮಾಡಿ ಮಾತ್ರ ನೋಡುತ್ತಿದ್ದಳು. ಆಗದ ದಿನ ಎಂಥ ದೊಡ್ಡವರು ಬಂದರೂ ಇಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಸಹಾಯಕ್ಕಿದ್ದ ಡಾ. ಜಾನ್ ಸದರ್‌ಲ್ಯಾಂಡರಿಗೆ ಕಿವಿ ಮಂದ, ಈಕೆಗೆ ಮಾತಾಡಲು ತ್ರಾಣವಿಲ್ಲ. ಇಬ್ಬರೂ ಚೀಟಿ ಬರೆದು ಕೆಲಸ ನಡೆಸಿದರು. ಸುತ್ತ ಬೆಕ್ಕುಗಳ ಹಿಂಡೇ ಇತ್ತು. ಕೆಲವು ಕಾಗದಗಳ ಮೇಲೆ ಶಾಯಿ ಮೆತ್ತಿದ ಬೆಕ್ಕಿನ ಹೆಜ್ಜೆ ಇಂದಿಗೂ ಇದೆಯಂತೆ.

ಇದನ್ನು ಓದಿ ಹೇಳಿದಾಗ ಅಮ್ಮಿ ಕೇಳಿದ್ದು, ಅಡುಗೆ ಯಾರು ಮಾಡುತ್ತಿದ್ದರು ಎಂದು. ನ್ಯಾಯವಾದ ಪ್ರಶ್ನೆ. ಅಡುಗೆಗೆ ಆಳುಗಳಿದ್ದರು, ತಂದೆ ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದರು. ಅದೇ ಜ್ವರ ಒಬ್ಬ ಬಡ ದಾದಿಗೆ ಬಂದಿದ್ದರೆ ನಮಗೆ ಅವಳ ಹೆಸರೂ ಗೊತ್ತಿರುತ್ತಿರಲಿಲ್ಲ. ಇನ್ನೊಂದು ಸಂಗತಿಯೂ ನನಗೆ ಕಸಿವಿಸಿ ಮಾಡಿತು. ಆಕೆಯ ಎಲ್ಲ ಕೆಲಸಕ್ಕೂ ಸರ್ಕಾರದೊಳಗೆ ಬೆನ್ನಾಗಿ ನಿಂತಿದ್ದ ಮಂತ್ರಿ ಸಿಡ್ನಿ ಹರ್ಬರ್ಟ್ ಮೂತ್ರಪಿಂಡದ ಕಾಯಿಲೆಯಿಂದ ಸೊರಗುತ್ತಿದ್ದಾಗ, ಇನ್ನು ಆಗುವುದಿಲ್ಲ ಎಂದ ಅವರನ್ನು ಆಕೆ ಕಟುವಾಗಿ ಆಡಿಕೊಂಡಳು. 1861ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ತನ್ನ ಕಾಯಿಲೆಯನ್ನು ಲೋಕ ನಂಬಬೇಕೆಂದವಳು ಗೆಳೆಯನ ಕಾಯಿಲೆಯನ್ನು ನಂಬಲಿಲ್ಲ. ಇದನ್ನು ಓದಿದ ರಾತ್ರಿ ನಾನು ಅಮ್ಮಿಯ ಸೊಂಟನೋವಿನ ಬಗ್ಗೆ ಎಂದಾದರೂ ಕೇಳಿದ್ದೇನೆಯೇ ಎಂದು ಯೋಚಿಸಿದೆ. ಕೇಳಿರಲಿಲ್ಲ.

ಆಕೆಯನ್ನೂ ಲೋಕ ಪೂರ್ತಿ ನಂಬಲಿಲ್ಲ. ಕಾಯಿಲೆ ಮನಸ್ಸಿನದು, ಜನರನ್ನು ದೂರವಿಡಲು ಹೂಡಿದ ನೆಪ ಎಂದು ಬರೆದವರು ಸತ್ತ ಮೇಲೂ ಇದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಮಾಲ್ಟಾದಲ್ಲಿ ಒಂದು ಜ್ವರದ ರೋಗಾಣುವನ್ನು ಕಂಡುಹಿಡಿದರು. ಅದು ಹರಡುವುದು ಆಡಿನ ಹಸಿ ಹಾಲಿನಿಂದ ಎಂದು ಅಲ್ಲಿಯೇ 1905ರಲ್ಲಿ ತಿಳಿಯಿತು. ಬ್ರೂಸೆಲ್ಲೋಸಿಸ್ ಎಂಬ ಈ ರೋಗ ವರ್ಷಗಟ್ಟಲೆ ಮರುಕಳಿಸಬಲ್ಲದು, ಬೆನ್ನೆಲುಬನ್ನೂ ಹಿಡಿಯಬಲ್ಲದು. ನೈಟಿಂಗೇಲ್‌ಳ ಲಕ್ಷಣಗಳೆಲ್ಲ ಇದಕ್ಕೆ ಹೊಂದುತ್ತವೆ ಎಂದು ಡಿ.ಎ.ಬಿ. ಯಂಗ್ ಎಂಬ ಸಂಶೋಧಕರು 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಾದಿಸಿದರು. ಆಕೆ ಸತ್ತು ಆಗಲೇ 85 ವರ್ಷವಾಗಿತ್ತು. ಆಕೆಯ ಹುಟ್ಟುಹಬ್ಬ ಮೇ 12 ದಾದಿಯರ ದಿನವೆಂದು ಎಲ್ಲರಿಗೂ ಗೊತ್ತು. ಕಾರಣ ತಿಳಿಯದ ದೀರ್ಘಕಾಲದ ಆಯಾಸದ ಕಾಯಿಲೆಗಳಿಂದ ಬಳಲುವವರೂ ಅದೇ ದಿನವನ್ನು ತಮ್ಮ ದಿನವನ್ನಾಗಿ ಆರಿಸಿಕೊಂಡಿದ್ದಾರೆ.

ವಿಚಿತ್ರವೆಂದರೆ ಅರವತ್ತು ದಾಟಿದ ಮೇಲೆ ಆಕೆಯ ನೋವು ಕಡಿಮೆಯಾಯಿತು. ಮೈ ತುಂಬಿತು, ಮಾತಿನ ಖಾರವೂ ಇಳಿಯಿತು. ಶಾಲೆಯ ಹುಡುಗಿಯರನ್ನು ಕರೆಸಿ ಉಪಚರಿಸುವಷ್ಟು ಹಸನ್ಮುಖಿಯಾದಳು. ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದಾಗ, ಏನಾಗುತ್ತಿದೆ ಎಂಬುದು ಆಕೆಗೆ ಸರಿಯಾಗಿ ತಿಳಿಯುವ ಸ್ಥಿತಿಯಿರಲಿಲ್ಲ. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡಳು. ಸಾವು ಬಂತೆಂದು ಬರೆದಿಟ್ಟು 53 ವರ್ಷವಾಗಿತ್ತು.

ನನ್ನ ಅರ್ಜಿ ಈಗಲೂ ಸಂಖ್ಯಾಶಾಸ್ತ್ರದ ನೋಟ್‌ಬುಕ್ಕಿನಲ್ಲಿದೆ, ಕೊಡಲಿಲ್ಲ. ಮೊದಲ ಪಿರಿಯಡ್ ತಪ್ಪಿದ ದಿನ ಗೆಳತಿ ನೋಟ್ಸ್‌ನ ಫೋಟೋ ಕಳಿಸುತ್ತಾಳೆ, ಸಂಜೆ ಐದರಿಂದ ಏಳರವರೆಗೆ ಕೂತು ಬರೆದುಕೊಳ್ಳುತ್ತೇನೆ. ಆ ಎರಡು ಗಂಟೆ ಮದುವೆಗೂ ಹೋಗುವುದಿಲ್ಲ, ಫೋನನ್ನೂ ಎತ್ತುವುದಿಲ್ಲ. ಈ ಲೇಖನಕ್ಕೆ ಅಂಥ ಹನ್ನೊಂದು ಸಂಜೆ ಬೇಕಾದವು. ಕೊನೆಯ ಎರಡು ಪುಟ ನಾನು ಹೇಳಿದೆ, ತಂಗಿ ಬರೆದಳು. ಅಕ್ಷರ ನೋಡಿದರೆ ಸಂಪಾದಕರಿಗೆ ಗೊತ್ತಾಗುತ್ತದೆ.