ಪಾಲ್ಕುರಿಕೆ ಸೋಮನಾಥರು

ಪರಶಿವನ ಮಹಿಮೆಯನ್ನು ಶಾಸ್ತ್ರಮುಖದಿಂದ ಅರಿತವರು ಆಂಧ್ರದೇಶದಲ್ಲಿ ಮೊದಲಿನಿಂದಲೂ ಇದ್ದರು. ಆದರೆ ಆ ಮಹಾದೇವನನ್ನು ಜನಸಾಮಾನ್ಯರ ನುಡಿಯಲ್ಲಿ ಹಾಡಿ, ಅವರ ಮನೆಯಂಗಳಕ್ಕೆ ಕರೆತಂದ ಕೀರ್ತಿಯು ಪಾಲ್ಕುರಿಕೆ ಸೋಮನಾಥರಿಗೆ ಸಲ್ಲತಕ್ಕುದಾಗಿದೆ.

ಓರುಗಲ್ಲಿನಲ್ಲಿ ಕಾಕತೀಯರು ರಾಜ್ಯವಾಳುತ್ತಿದ್ದ ಕಾಲದಲ್ಲಿ, ಈಗ ತೆಲಂಗಾಣದ ಜನಗಾಂವ್ ಜಿಲ್ಲೆಗೆ ಸೇರಿರುವ ಪಾಲಕುರ್ತಿಯಲ್ಲಿ ಇವರು ಜನ್ಮವೆತ್ತಿದರು. ತಂದೆ ವಿಷ್ಣುರಾಮಿದೇವರು, ತಾಯಿ ಶ್ರಿಯಾದೇವಿ. ಸಂಸ್ಕೃತ, ತೆಲುಗು, ಕನ್ನಡ ಈ ಮೂರು ಭಾಷೆಗಳಲ್ಲಿಯೂ ಗ್ರಂಥರಚನೆ ಮಾಡಿದ ಪ್ರೌಢರು. ಸಂಸ್ಕೃತದಲ್ಲಿ ಸೋಮನಾಥಭಾಷ್ಯವನ್ನೂ ಕನ್ನಡದಲ್ಲಿ ರಗಳೆಗಳನ್ನೂ ಬರೆದರು. ಬಸವೇಶ್ವರರ ಸ್ತುತಿಯಾದ ವೃಷಾಧಿಪಶತಕವು ಅವರದೇ.

ಇಂತಹ ವಿದ್ವಾಂಸರು ರಾಜಸಭೆಗೆ ಒಪ್ಪುವ ಚಂಪುವನ್ನು ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನನ್ನಯ್ಯನ ಕಾಲದಿಂದ ತೆಲುಗಿನಲ್ಲಿ ರೂಢವಾಗಿದ್ದ ಮಾರ್ಗವೂ ಅದೇ. ಸೋಮನಾಥರಾದರೋ ಬಸವಪುರಾಣಕ್ಕೆ ಎರಡೆರಡು ಸಾಲಿನ ದೇಶೀಯ ದ್ವಿಪದಿಯನ್ನು ಆರಿಸಿಕೊಂಡರು; ಸಂಸ್ಕೃತಭೂಯಿಷ್ಠವಾದ ಶೈಲಿಯನ್ನು ಬಿಟ್ಟು ಜಾನುತೆನುಗನ್ನು ಹಿಡಿದರು. ಕೇಳಿದವನಿಗೆ ಅರ್ಥವಾಗದ ಪುರಾಣದಿಂದ ಭಕ್ತಿಯು ಹುಟ್ಟುವದೆಂತು? ಇದಕ್ಕೆ ಅವರು ತೆತ್ತ ಬೆಲೆಯೂ ಉಂಟು. ಓರುಗಲ್ಲಿನ ದೇವಾಲಯದಲ್ಲಿ ಭಕ್ತರು ಬಸವಪುರಾಣವನ್ನು ಓದುತ್ತಿರುವದನ್ನು ಕಂಡು ಪ್ರತಾಪರುದ್ರ ಮಹಾರಾಜನು ಅದೇನೆಂದು ವಿಚಾರಿಸಲು, ಬಳಿಯಲ್ಲಿದ್ದ ಬ್ರಾಹ್ಮಣನೊಬ್ಬನು ಅದು ಪತಿತನೊಬ್ಬನು ಈಚೆಗೆ ಕಟ್ಟಿದ ದ್ವಿಪದಿ, ಪ್ರಮಾಣಗ್ರಂಥವಲ್ಲವೆಂದು ಹಳಿದನಂತೆ. ಅರಸನು ಅಷ್ಟಕ್ಕೇ ಹೊರಟುಹೋದನಂತೆ. ಮುಂದೆ ಇದೇ ಪುರಾಣವನ್ನು ಪದ್ಯಕಾವ್ಯವಾಗಿಸಿದ ಪಿಡುಪರ್ತಿ ಸೋಮನಾಥಕವಿಯು ಈ ಐತಿಹ್ಯವನ್ನು ಹೇಳಿರುವನು.

ಆ ಪಂಡಿತನು ಪುರಾಣವನ್ನು ಕುಳಿತು ಕೇಳಿದ್ದರೆ ಏನು ಕಾಣುತ್ತಿದ್ದನು? ಬಸವೇಶ್ವರರ ಚರಿತ್ರೆಯ ನಡುನಡುವೆ ಮುಗ್ಧಭಕ್ತರ ಕಥೆಗಳು. ಎಲ್ಲರಿಗೂ ತಾಯಿಯಿರಲು ಶಿವನಿಗೆ ಮಾತ್ರ ತಾಯಿಯಿಲ್ಲವಲ್ಲಾ ಎಂದು ಮರುಗಿ ಬೆಜ್ಜಮಹಾದೇವಿಯು ಆತನನ್ನೇ ಕೂಸಾಗಿಸಿಕೊಂಡು, ಎಣ್ಣೆಯೊತ್ತಿ ನೀರೆರೆದು ಹಾಲೂಡುವಳು. ರುದ್ರಪಶುಪತಿಯು ಶಿವನು ವಿಷವನ್ನು ಕುಡಿದನೆಂಬ ಕಥೆಯನ್ನು ಕೇಳಿದೊಡನೆ ಅದು ಈಗಲೇ ನಡೆಯಿತೆಂಬಂತೆ ನಡುಗಿ, ಆ ವಿಷವನ್ನು ಉಗುಳದಿದ್ದರೆ ಪ್ರಾಣವನ್ನು ಬಿಡುವೆನೆಂದು ನೀರಿಗೆ ಬೀಳುವನು. ಶಿವನು ಪ್ರತ್ಯಕ್ಷನಾಗಿ ಸಮಾಧಾನಪಡಿಸಿದರೂ, ವಿಷವೆಲ್ಲಿ ಕೆಳಗಿಳಿದೀತೋ ಎಂದು ಆ ಕಂಠವನ್ನೇ ನೋಡುತ್ತ ಕುಳಿತನು. ಜಗದ್ರಕ್ಷಕನನ್ನೇ ರಕ್ಷಿಸಹೊರಟ ಈ ಮುಗ್ಧತೆಯನ್ನು ಸೋಮನಾಥರು ಎಲ್ಲಿಯೂ ಹಾಸ್ಯಕ್ಕೆ ಗುರಿಮಾಡಿಲ್ಲ. ಶಿವನು ಅವರೆದುರು ಸೋತನೆಂದೇ ವರ್ಣಿಸಿರುವರು.

ತರುವಾಯ ರಚಿಸಿದ ಪಂಡಿತಾರಾಧ್ಯಚರಿತ್ರೆಯು ಮಲ್ಲಿಕಾರ್ಜುನ ಪಂಡಿತಾರಾಧ್ಯರ ಜೀವನವನ್ನು ಐದು ಪ್ರಕರಣಗಳಲ್ಲಿ ನಿರೂಪಿಸುವದು. ಅದರ ಪರ್ವತಪ್ರಕರಣದಲ್ಲಿ ಶಿವರಾತ್ರಿಗೆಂದು ಶ್ರೀಶೈಲವನ್ನೇರುವ ಯಾತ್ರಿಕರ ಹಾಡು, ಕುಣಿತ, ವಾದ್ಯ, ಬೊಂಬೆಯಾಟ ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ.

ಬೇಡಭಕ್ತ ಕಣ್ಣಪ್ಪನ ಕಥೆಯೂ ಬಸವಪುರಾಣದಲ್ಲಿ ಬಂದಿದೆ. 16ನೆಯ ಶತಮಾನದಲ್ಲಿ ಧೂರ್ಜಟಿಕವಿಯು ಕಾಳಹಸ್ತಿಯ ಮಾಹಾತ್ಮ್ಯದಲ್ಲಿ ಅದನ್ನು ಮತ್ತೆ ಹಾಡಿದನು. 1954ರಲ್ಲಿ ಅದೇ ಕಥೆಯು ಕನ್ನಡದಲ್ಲಿ ಬೇಡರ ಕಣ್ಣಪ್ಪ, ತೆಲುಗಿನಲ್ಲಿ ಕಾಳಹಸ್ತಿ ಮಾಹಾತ್ಮ್ಯವೆಂಬ ಚಲಚ್ಚಿತ್ರಗಳಾಗಿ, ಎರಡರಲ್ಲಿಯೂ ರಾಜಕುಮಾರರೇ ಕಣ್ಣಪ್ಪನಾದರು. 1976ರಲ್ಲಿ ತೆಲುಗಿನಲ್ಲಿ ಭಕ್ತ ಕಣ್ಣಪ್ಪವು ತೆರೆಗೆ ಬಂದಿತು. ಕಣ್ಣನ್ನು ಕಿತ್ತಿಡುವ ಬೇಡನೆದುರು ಅಕ್ಷರವರಿಯದವರೂ ಕಣ್ಣೀರಿಟ್ಟರು.

ಕನ್ನಡಿಗರಿಗಂತೂ ಸೋಮನಾಥರು ಪರಕೀಯರಲ್ಲ. 1369ರಲ್ಲಿ ಭೀಮಕವಿಯು ಇವರ ಬಸವಪುರಾಣವನ್ನು ಷಟ್ಪದಿಯಲ್ಲಿ ಕನ್ನಡಿಸಿದನು. ಅನಂತರ ವಿರಕ್ತ ತೋಂಟದಾರ್ಯರು ಸೋಮನಾಥರ ಚರಿತ್ರೆಯನ್ನೇ ಪುರಾಣವಾಗಿ ರಚಿಸಿದರು. ಕಡೆಗಾಲದಲ್ಲಿ ಅವರು ಕನ್ನಡನಾಡಿಗೆ ಬಂದು, ಮಾಗಡಿಯ ಸಮೀಪದ ಕಲ್ಯದಲ್ಲಿ ಲಿಂಗೈಕ್ಯರಾದರೆಂಬುದು ಸಂಪ್ರದಾಯ. ಅವರ ಸಮಾಧಿಯನ್ನು ಭಕ್ತರು ಅಲ್ಲಿಯೇ ತೋರಿಸುವರು.