ಜಿ. ಎಚ್. ಕೃಂಬಿಗಲ್

ಗುಸ್ತಾವ್ ಹರ್ಮನ್ ಕೃಂಬಿಗಲ್ (18 ಡಿಸೆಂಬರ್ 1865 – 8 ಫೆಬ್ರವರಿ 1956) ಜರ್ಮನಿಯಲ್ಲಿ ಹುಟ್ಟಿ, ಭಾರತದಲ್ಲಿ ನೆಲೆಸಿ, ಮೈಸೂರು ಸಂಸ್ಥಾನದ ಸೇವೆಯಲ್ಲಿ ಹೆಸರು ಮಾಡಿದ ತೋಟಗಾರಿಕಾ ತಜ್ಞ ಹಾಗೂ ಉದ್ಯಾನ ವಿನ್ಯಾಸಕಾರ. 1908ರಿಂದ 1932ರವರೆಗೆ ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದರು. ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಒಂದಲ್ಲ ಒಂದು ಜಾತಿಯ ಮರ ಹೂ ಬಿಡುವಂತೆ ನಗರದ ಸಾಲುಮರಗಳನ್ನು ಆಯ್ದು ನೆಡುವ ಕಲ್ಪನೆಯನ್ನು ಬೆಂಗಳೂರಿನಲ್ಲಿ ಕಾರ್ಯರೂಪಕ್ಕೆ ತಂದವರೆಂದು ಅವರು ಪ್ರಸಿದ್ಧರು. ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಅವರ ಪಾತ್ರವಿದೆ.

ಜನನ ಮತ್ತು ಶಿಕ್ಷಣ

ಕೃಂಬಿಗಲ್ ಅವರು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ, ಡ್ರೆಸ್ಡೆನ್ ನಗರಕ್ಕೆ ಸಮೀಪದ ಲೋಹ್ಮೆನ್ ಎಂಬ ಊರಿನಲ್ಲಿ ಜನಿಸಿದರು. ಶಾಲಾ ವಿದ್ಯಾಭ್ಯಾಸದ ನಂತರ ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದರು. ಪಿಲ್‌ನಿಟ್ಸ್ ಎಲ್ಬೆ ನದಿಯ ದಡದಲ್ಲಿದ್ದು, ಸ್ಯಾಕ್ಸನಿಯ ಅರಸರ ಬೇಸಿಗೆಯ ಅರಮನೆ ಹಾಗೂ ಅದರ ಉದ್ಯಾನಗಳಿಗೆ ಹೆಸರಾದ ಸ್ಥಳ.

1888ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನ ಹೂವಿನ ಪಾತಿಗಳ ವಿನ್ಯಾಸದಲ್ಲಿ ತೊಡಗಿ, ಬಳಿಕ ಕ್ಯೂ ಸಸ್ಯೋದ್ಯಾನವನ್ನು ಸೇರಿದರು. ಆ ಕಾಲದಲ್ಲಿ ಕ್ಯೂ ಕೇವಲ ಒಂದು ಉದ್ಯಾನವಾಗಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ನಾನಾ ಭಾಗಗಳಿಂದ ಬೀಜ, ಸಸಿಗಳು ಅಲ್ಲಿಗೆ ಬಂದು, ಅಲ್ಲಿಂದ ಬೇರೆ ದೇಶಗಳಿಗೆ ಹೋಗುತ್ತಿದ್ದವು. ವಸಾಹತುಗಳ ಮತ್ತು ದೇಶೀ ಸಂಸ್ಥಾನಗಳ ಉದ್ಯಾನಗಳಿಗೆ ಬೇಕಾದ ತರಬೇತಾದ ಸಿಬ್ಬಂದಿಯೂ ಅಲ್ಲಿಂದಲೇ ದೊರೆಯುತ್ತಿದ್ದರು. ಕೃಂಬಿಗಲ್ ಅವರ ಭಾರತದ ಪಯಣಕ್ಕೂ ಕ್ಯೂ ಮೆಟ್ಟಿಲಾಯಿತು.

ಬರೋಡಾದಲ್ಲಿ

1893ರಲ್ಲಿ ಅವರು ಬರೋಡಾ ಸಂಸ್ಥಾನದ ಸಸ್ಯೋದ್ಯಾನಗಳ ಮೇಲ್ವಿಚಾರಕರಾಗಿ ನೇಮಕಗೊಂಡರು. ಆಗ ಬರೋಡಾವನ್ನು ಆಳುತ್ತಿದ್ದವರು ಮೂರನೆಯ ಸಯಾಜಿರಾವ್ ಗಾಯಕವಾಡ್. ಸಂಸ್ಥಾನದ ಉದ್ಯಾನಗಳ ಜೊತೆಗೆ ಊಟಿಯಲ್ಲಿದ್ದ ಮಹಾರಾಜರ ನಿವಾಸದ ಉದ್ಯಾನದ ಕೆಲಸವನ್ನೂ ಅವರು ನೋಡಿಕೊಂಡರು. ಭಾರತದ ಮಣ್ಣು, ಮಳೆ ಮತ್ತು ಬಿಸಿಲಿನಲ್ಲಿ ಯಾವ ಗಿಡ ಹೇಗೆ ಬೆಳೆಯುತ್ತದೆ ಎಂಬ ಅನುಭವ ಅವರಿಗೆ ದೊರೆತದ್ದು ಬರೋಡಾದ ಈ ಹದಿನೈದು ವರ್ಷಗಳಲ್ಲಿ.

ಮೈಸೂರು ಸಂಸ್ಥಾನದ ಸೇವೆ

ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ ಕೃಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗ್‌ನ ಅಧಿಕಾರ ವಹಿಸಿಕೊಂಡರು. ಹೈದರಾಲಿ 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟವು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿತ್ತು. ಕೃಂಬಿಗಲ್ ಅವರಿಗಿಂತ ಮೊದಲು ಮೂರು ದಶಕಗಳಿಗೂ ಹೆಚ್ಚು ಕಾಲ ಅದನ್ನು ನಡೆಸಿದ ಜಾನ್ ಕ್ಯಾಮೆರಾನ್ ಅವರು ಹೊರದೇಶಗಳ ಹಲವು ಸಸ್ಯಗಳನ್ನು ಇಲ್ಲಿಗೆ ತಂದಿದ್ದರು. ಲಾಲ್‌ಬಾಗ್‌ನ ಗಾಜಿನ ಮನೆಯೂ ಅವರ ಕಾಲದ್ದೇ.

ಕೃಂಬಿಗಲ್ ಈ ಪರಂಪರೆಯನ್ನು ಮುಂದುವರಿಸಿದರು. ವಿದೇಶಗಳ ಸಸ್ಯೋದ್ಯಾನಗಳೊಡನೆ ಬೀಜ ಮತ್ತು ಸಸಿಗಳ ವಿನಿಮಯವನ್ನು ಬಲಪಡಿಸಿದರು. ಅಲಂಕಾರದ ಗಿಡಗಳಷ್ಟೇ ಅಲ್ಲದೆ, ರೈತರಿಗೆ ಉಪಯುಕ್ತವಾದ ಬೆಳೆ ಮತ್ತು ಮೇವಿನ ಹುಲ್ಲುಗಳ ಪ್ರಯೋಗಕ್ಕೂ ಗಮನ ಕೊಟ್ಟರು. ಹೊಸದಾಗಿ ತಂದ ಗಿಡವು ಮೊದಲು ಲಾಲ್‌ಬಾಗ್‌ನ ಮಣ್ಣಿನಲ್ಲಿ ಬೇರೂರಿ, ಇಲ್ಲಿನ ಹವೆಗೆ ಒಗ್ಗಿದ ನಂತರವೇ ಹೊರಗೆ ಹೋಗಬೇಕು ಎಂಬುದು ಇಂತಹ ಕೆಲಸದ ಕ್ರಮವಾಗಿತ್ತು.

1912ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನ ಕಲಾ ಸಂಘವು ಅವರ ಕಾಲದ ಮತ್ತೊಂದು ಕೊಡುಗೆ. ಇಂದಿಗೂ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಈ ಸಂಘವು ಪಾಲ್ಗೊಳ್ಳುತ್ತದೆ. 1920ರಲ್ಲಿ ಲಾಲ್‌ಬಾಗ್‌ನಲ್ಲಿ ತೋಟಗಾರಿಕಾ ಶಾಲೆಯೂ ಆರಂಭವಾಯಿತು. ಅಲ್ಲಿಯವರೆಗೆ ಮಾಲಿಗಳು ಕೈಕೆಲಸದಿಂದ ಮಾತ್ರ ಕಲಿಯುತ್ತಿದ್ದ ವಿದ್ಯೆಗೆ ಪಾಠಕ್ರಮದ ರೂಪ ದೊರೆಯಿತು.

ಸಾಲುಮರಗಳ ವಿನ್ಯಾಸ

ಕೃಂಬಿಗಲ್ ಅವರ ಹೆಸರನ್ನು ಜನರು ಹೆಚ್ಚಾಗಿ ನೆನೆಯುವುದು ಬೆಂಗಳೂರಿನ ಬೀದಿಗಳ ಮರಗಳಿಗಾಗಿ. ಹೂ ಬಿಡುವ ಕಾಲವನ್ನು ಲೆಕ್ಕ ಹಾಕಿ, ಬೇರೆ ಬೇರೆ ಜಾತಿಯ ಮರಗಳನ್ನು ಬೇರೆ ಬೇರೆ ಬೀದಿಗಳಿಗೆ ಆರಿಸುವುದು ಅವರ ವಿಧಾನ. ಒಂದು ಬೀದಿಯ ಹೂ ಉದುರುವ ಹೊತ್ತಿಗೆ ಮತ್ತೊಂದು ಬೀದಿಯ ಮರಗಳು ಅರಳಬೇಕು. ಹೀಗೆ ನಗರದ ಯಾವುದಾದರೊಂದು ಭಾಗದಲ್ಲಿ ವರ್ಷವಿಡೀ ಹೂವಿರಬೇಕು.

ಬೆಂಗಳೂರಿನ ಮರಗಳ ಋತುಚಕ್ರವನ್ನು ಗಮನಿಸಿದರೆ ಈ ವಿಧಾನ ಸ್ಪಷ್ಟವಾಗುತ್ತದೆ. ಚಳಿಗಾಲದ ಕೊನೆಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಎಲೆ ಉದುರಿಸಿ ಹೂ ತಳೆಯುತ್ತದೆ. ಅದರ ಹಿಂದೆಯೇ ನೀಲಿ ಜಕರಂಡ, ಯುಗಾದಿಯ ಸುಮಾರಿಗೆ ಹೊಂಗೆ, ಬಿರುಬೇಸಿಗೆಯಲ್ಲಿ ಕಕ್ಕೆ ಮತ್ತು ಹೊಳೆದಾಸವಾಳ, ಮಳೆಗಾಲ ಹತ್ತಿರವಾಗುವಾಗ ಗುಲ್‌ಮೊಹರ್ ಅರಳುತ್ತವೆ. ಮಳೆ ಹಿಂದೆ ಸರಿದ ಮೇಲೆ ಆಕಾಶಮಲ್ಲಿಗೆಯ ಬಿಳಿ ಹೂಗಳು ನೆಲಕ್ಕೆ ಉದುರುತ್ತವೆ. ನಗರದ ಈ ಮರಗಳೆಲ್ಲವನ್ನೂ ಕೃಂಬಿಗಲ್ ಅವರೇ ತಂದರು ಅಥವಾ ನೆಟ್ಟರು ಎಂದು ಭಾವಿಸುವುದು ಸರಿಯಲ್ಲ. ಅವರಿಗಿಂತ ಮೊದಲು ಕ್ಯಾಮೆರಾನ್, ಅವರ ನಂತರ ಎಚ್. ಸಿ. ಜವರಾಯ ಮತ್ತು ಎಂ. ಎಚ್. ಮರಿಗೌಡ ಅವರು ಮಾಡಿದ ಕೆಲಸವೂ ಇದರಲ್ಲಿ ಸೇರಿದೆ. ಬಿಡಿಬಿಡಿಯಾಗಿದ್ದ ಮರಗಳನ್ನು ಕಾಲದ ಒಂದು ಕ್ರಮಕ್ಕೆ ಜೋಡಿಸಿದ ದೃಷ್ಟಿ ಕೃಂಬಿಗಲ್ ಅವರದು.

ಅವರ ಸಮಕಾಲೀನರಾದ ಇಂಗ್ಲೆಂಡಿನ ಹ್ಯಾರಿ ಕೋಲ್ಟ್ (1869–1951) ಕುರುಚಲು ಗಿಡಗಳ ಮರಳು ಬಯಲುಗಳಲ್ಲಿ, ನೆಲದ ಸಹಜ ಏರಿಳಿತವನ್ನು ಉಳಿಸಿಕೊಂಡೇ ಗಾಲ್ಫ್ ಮೈದಾನಗಳನ್ನು ರೂಪಿಸಿ, ಹಾಲೆಂಡ್, ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿಯೂ ಹೆಸರು ಪಡೆದರು. ಮನುಷ್ಯನ ಕೈವಾಡ ಕಾಣದಂತೆ ಮಾಡುವುದು ಕೋಲ್ಟ್ ಅವರ ಜಾಣ್ಮೆ. ಕೃಂಬಿಗಲ್ ಅವರ ಉದ್ಯಾನಗಳಲ್ಲಿ ಕ್ರಮಬದ್ಧತೆ ಎದ್ದು ಕಾಣುತ್ತದೆ. ಬೀದಿಯ ಮರಗಳಲ್ಲಿ ಮಾತ್ರ ಅವರ ಕೈವಾಡವೂ ಕಣ್ಣಿಗೆ ಬೀಳುವುದಿಲ್ಲ. ನೆಟ್ಟವನ ಜೀವಿತಾವಧಿಯ ಆಚೆಗೆ ಫಲ ಕೊಡುವ ವಿನ್ಯಾಸ ಎಂಬ ಅರ್ಥದಲ್ಲಿ ಇಬ್ಬರದೂ ಒಂದೇ ಬಗೆಯ ಕಲೆ.

ಬೃಂದಾವನ ಉದ್ಯಾನ

ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ಕೆಲಸವು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡಿತು. ಮಿರ್ಜಾ ಅವರಿಗೆ ಕಾಶ್ಮೀರದ ಮೊಘಲ್ ಉದ್ಯಾನಗಳು ಮಾದರಿಯಾಗಿದ್ದವು. ಅಣೆಕಟ್ಟೆಯ ನೀರು ಮೆಟ್ಟಿಲು ಮೆಟ್ಟಿಲಾದ ಹಂತಗಳಲ್ಲಿ ಕಾಲುವೆಗಳಾಗಿ, ಕಾರಂಜಿಗಳಾಗಿ ಇಳಿದು ಬರುವ ಈ ಉದ್ಯಾನದ ರಚನೆಗೆ ಕೃಂಬಿಗಲ್ ಅವರ ಅನುಭವ ನೆರವಾಯಿತು.

ಸಂಸ್ಥಾನದ ಆಡಳಿತ ಮತ್ತು ಭದ್ರಾವತಿ

ಕೃಂಬಿಗಲ್ ಸೇವೆಯಲ್ಲಿದ್ದ ವರ್ಷಗಳು ಮೈಸೂರು ಸಂಸ್ಥಾನದ ಕೈಗಾರಿಕೀಕರಣದ ವರ್ಷಗಳೂ ಹೌದು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿದ್ದ ಕಬ್ಬಿಣದ ಕಾರ್ಖಾನೆಯು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿನ ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡುಗಳಿಂದ ಬರುತ್ತಿತ್ತು. ಹೀಗೆ ಒಂದೇ ಸರ್ಕಾರವು ಶಿವಮೊಗ್ಗದ ಕಡೆ ಮರಗಳನ್ನು ಕಬ್ಬಿಣಕ್ಕಾಗಿ ಉರಿಸುತ್ತಿದ್ದಾಗ, ರಾಜ್ಯದ ಮತ್ತೊಂದು ಕಡೆ ಹೊಸ ಮರಗಳನ್ನು ನೆಡಿಸುತ್ತಿತ್ತು. ಪ್ರಗತಿಯ ಕುರಿತ ಅಂದಿನ ಕಲ್ಪನೆಯಲ್ಲಿ ಇವೆರಡಕ್ಕೂ ಸ್ಥಳವಿತ್ತು.

ಪರಿಣತರನ್ನು ಅವರ ದೇಶ ಯಾವುದೆಂದು ನೋಡದೆ ಕರೆಸಿಕೊಳ್ಳುವ ಸಂಸ್ಥಾನದ ನೀತಿ ಕೃಂಬಿಗಲ್ ಅವರ ನಿವೃತ್ತಿಯ ಬಳಿಕವೂ ಮುಂದುವರಿಯಿತು. ಹಿಟ್ಲರನ ಆಳ್ವಿಕೆಯಲ್ಲಿ ಯಹೂದಿ ಎಂಬ ಕಾರಣಕ್ಕೆ ಜರ್ಮನಿಯಲ್ಲಿ ನೆಲೆ ಕಳೆದುಕೊಂಡ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರಿನ ಮುಖ್ಯ ವಾಸ್ತುಶಿಲ್ಪಿಯಾದರು. ಭದ್ರಾವತಿಯ ಕೈಗಾರಿಕಾ ಪಟ್ಟಣಕ್ಕೆ ಯೋಜನೆ ಸಿದ್ಧಪಡಿಸಿದವರು ಅವರೇ. ಸಂಸ್ಥಾನದ ಭೂದೃಶ್ಯದ ಮೇಲೆ ಜರ್ಮನಿಯಿಂದ ಬಂದ ಇಬ್ಬರ ಗುರುತು ಹೀಗೆ ಉಳಿದಿದೆ: ಒಬ್ಬರದು ಉದ್ಯಾನಗಳಲ್ಲಿ, ಇನ್ನೊಬ್ಬರದು ಕಟ್ಟಡ ಮತ್ತು ಪಟ್ಟಣಗಳ ಯೋಜನೆಯಲ್ಲಿ.

ನಿವೃತ್ತಿ ಮತ್ತು ಯುದ್ಧಕಾಲ

1932ರಲ್ಲಿ ಕೃಂಬಿಗಲ್ ನಿವೃತ್ತರಾದರು. ಲಾಲ್‌ಬಾಗ್‌ನ ಹೊಣೆ ಎಚ್. ಸಿ. ಜವರಾಯ ಅವರಿಗೆ ಬಂತು. ನಿವೃತ್ತಿಯ ನಂತರವೂ ಕೃಂಬಿಗಲ್ ಜರ್ಮನಿಗೆ ಮರಳದೆ ಬೆಂಗಳೂರಿನಲ್ಲಿಯೇ ನೆಲೆಸಿ, ಸಲಹೆಗಾರರಾಗಿ ಕೆಲಸ ಮುಂದುವರಿಸಿದರು.

ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರವು ಭಾರತದಲ್ಲಿದ್ದ ಜರ್ಮನ್ನರನ್ನು ಶತ್ರುದೇಶದವರೆಂದು ಪರಿಗಣಿಸಿತು. ಎಪ್ಪತ್ತು ದಾಟಿದ್ದ ಕೃಂಬಿಗಲ್ ಅವರನ್ನೂ ಬೆಂಗಳೂರಿನ ಶಿಬಿರವೊಂದರಲ್ಲಿ ಬಂಧನದಲ್ಲಿ ಇರಿಸಲಾಯಿತು. ಅವರು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ್ದವರು, ಅವರ ಪತ್ನಿ ಇಂಗ್ಲೆಂಡಿನವರು, ಬದುಕಿನ ಬಹುಭಾಗ ಕಳೆದದ್ದು ಭಾರತದಲ್ಲಿ. ಆದರೂ ಹುಟ್ಟಿದ ನಾಡು ಯಾವುದೆಂಬುದೇ ಆಗ ಮುಖ್ಯವಾಯಿತು. ತಾವೇ ಬೆಳೆಸಿದ ಮರಗಳ ನಗರದಲ್ಲಿ ಅವರು ಪರಕೀಯರೆನಿಸಿಕೊಂಡರು. ಯುದ್ಧ ಮುಗಿದ ಮೇಲೂ ಅವರು ಈ ನಗರವನ್ನು ತೊರೆಯಲಿಲ್ಲ.

ನಿಧನ

ಕೃಂಬಿಗಲ್ 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಕನ್ನಡ ನಾಡಿನ ಏಕೀಕರಣವಾಯಿತು. ಹೊಸೂರು ರಸ್ತೆಯ ಮೆಥೋಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪರಂಪರೆ ಮತ್ತು ಸ್ಮಾರಕಗಳು

ಕೃಂಬಿಗಲ್ ಅವರ ನಂತರ ಲಾಲ್‌ಬಾಗ್‌ನ ಹೊಣೆ ಹೊತ್ತ ಜವರಾಯ ಮತ್ತು ಮರಿಗೌಡ ಇಬ್ಬರೂ ಕ್ಯೂನಲ್ಲಿ ತರಬೇತಿ ಪಡೆದವರು. ಮರಿಗೌಡ ಅವರ ಕಾಲದಲ್ಲಿ ತೋಟಗಾರಿಕೆಯು ಪ್ರತ್ಯೇಕ ಇಲಾಖೆಯಾಗಿ, ರಾಜ್ಯದ ನಾನಾ ಕಡೆ ತೋಟಗಾರಿಕಾ ಕ್ಷೇತ್ರಗಳು ಮತ್ತು ಸಸ್ಯಾಭಿವೃದ್ಧಿ ಕೇಂದ್ರಗಳು ಸ್ಥಾಪನೆಯಾದವು. ಅರಮನೆ ಮತ್ತು ರಾಜಧಾನಿಗಳಿಗೆ ಸೀಮಿತವಾಗಿದ್ದ ವಿದ್ಯೆ ಹೀಗೆ ರೈತರ ಹಿತ್ತಿಲನ್ನು ತಲುಪಿತು.

ಲಾಲ್‌ಬಾಗ್‌ನ ಬಳಿಯ ರಸ್ತೆಯೊಂದಕ್ಕೆ ಕೃಂಬಿಗಲ್ ಅವರ ಹೆಸರಿದೆ. ಉದ್ಯಾನದ ಒಳಗಿನ ಕೃಂಬಿಗಲ್ ಸಭಾಂಗಣವು ಬಹುಕಾಲ ಶಿಥಿಲಾವಸ್ಥೆಯಲ್ಲಿದ್ದು 2017ರಲ್ಲಿ ಕುಸಿದುಬಿತ್ತು.

ರಸ್ತೆ ವಿಸ್ತರಣೆ ಮತ್ತು ಹೊಸ ನಿರ್ಮಾಣಗಳಿಂದಾಗಿ ಬೆಂಗಳೂರಿನ ಹಳೆಯ ಸಾಲುಮರಗಳಲ್ಲಿ ಅನೇಕವು ಇಂದು ಇಲ್ಲವಾಗಿವೆ. ಬಿಡಿ ಮರವೊಂದು ಬಿದ್ದರೆ ಅದರ ಜಾಗದಲ್ಲಿ ಮತ್ತೊಂದನ್ನು ನೆಡಬಹುದು. ಆದರೆ ಒಂದು ಬೀದಿಯ ಸಾಲು ಪೂರ್ತಿ ಹೋದರೆ, ವರ್ಷದ ಹೂವಿನ ಸರಣಿಯಲ್ಲಿ ಒಂದು ತಿಂಗಳೇ ಬರಿದಾಗುತ್ತದೆ. ಕೃಂಬಿಗಲ್ ಅವರ ವಿನ್ಯಾಸವು ನಿಂತಿರುವುದು ಈ ಸರಣಿಯ ಮೇಲೆ. ಉಳಿದಿರುವ ಬೀದಿಗಳಲ್ಲಿ ಮರಗಳು ಇಂದಿಗೂ ತಮ್ಮ ತಮ್ಮ ಸರದಿಯಲ್ಲಿ ಹೂ ಬಿಡುತ್ತಿವೆ.