ಟಿ. ಎಂ. ಎ. ಪೈ

ತೋನ್ಸೆ ಮಾಧವ ಅನಂತ ಪೈ (ಏಪ್ರಿಲ್ 30, 1898 – ಮೇ 29, 1979) ಕರ್ನಾಟಕದ ಕರಾವಳಿಯ ವೈದ್ಯರು, ಬ್ಯಾಂಕ್ ಸ್ಥಾಪಕರು ಮತ್ತು ಶಿಕ್ಷಣ ಸಂಘಟಕರು. ಉಡುಪಿ ಸಮೀಪದ ಮಣಿಪಾಲವನ್ನು ವಿದ್ಯಾಕೇಂದ್ರವಾಗಿ ಬೆಳೆಸಿದವರೆಂದು ಪ್ರಸಿದ್ಧರಾಗಿದ್ದಾರೆ. ಅವರೂ ಅವರ ಕುಟುಂಬದವರೂ ಕಟ್ಟಿದ ಸಂಸ್ಥೆಗಳಿಂದಲೇ ಇಂದಿನ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿ ರೂಪುಗೊಂಡಿತು. ಮಣಿಪಾಲ ಮತ್ತು ಮಂಗಳೂರು ಈ ವಿಶ್ವವಿದ್ಯಾಲಯದ ಮೂಲ ನೆಲೆಗಳು.

ಜನನ ಮತ್ತು ವಿದ್ಯಾಭ್ಯಾಸ

ಮಾಧವ ಪೈಯವರು ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದು, ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಆದ್ದರಿಂದ ಅವರು ಮದ್ರಾಸಿಗೆ ತೆರಳಿ ವೈದ್ಯಕೀಯ ಶಿಕ್ಷಣ ಪಡೆದರು. ಪದವಿಯ ನಂತರ ಊರಿಗೆ ಮರಳಿ ವೈದ್ಯವೃತ್ತಿಯನ್ನು ಆರಂಭಿಸಿದರು. ಅಣ್ಣ ಉಪೇಂದ್ರ ಅನಂತ ಪೈಯವರು ವ್ಯಾಪಾರ ಮತ್ತು ಉದ್ಯಮಗಳಲ್ಲಿ ತೊಡಗಿದ್ದರು. ಮುಂದಿನ ಕೆಲಸಗಳಿಗೆಲ್ಲ ಈ ಸೋದರರ ಜೊತೆಗಾರಿಕೆಯೇ ಆಧಾರವಾಯಿತು.

ಬ್ಯಾಂಕ್ ಮತ್ತು ಪಿಗ್ಮಿ ಠೇವಣಿ

1920ರ ದಶಕದಲ್ಲಿ ಕರಾವಳಿಯ ಕೈಮಗ್ಗದ ನೇಕಾರರು ತೀವ್ರ ಸಂಕಷ್ಟದಲ್ಲಿದ್ದರು. ಅವರಿಗೆ ಹಣಕಾಸಿನ ನೆರವು ಒದಗಿಸುವ ಉದ್ದೇಶದಿಂದ ಉಪೇಂದ್ರ ಪೈ, ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮತ್ತು ಮಾಧವ ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆರಂಭಿಕ ಬಂಡವಾಳ 8,000 ರೂಪಾಯಿ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಬ್ಯಾಂಕು ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ಪ್ರತಿದಿನ ಮನೆ ಮತ್ತು ಅಂಗಡಿಗಳಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರಿಗೂ ಉಳಿತಾಯದ ಅಭ್ಯಾಸವಾಯಿತು. ಹಲವರ ಅಲ್ಪ ಮೊತ್ತಗಳನ್ನು ಕೂಡಿಸಿ ದೊಡ್ಡ ಕಾರ್ಯವನ್ನು ಸಾಧಿಸುವ ಈ ಕ್ರಮವು ಪೈಯವರ ಶಿಕ್ಷಣ ಸಂಸ್ಥೆಗಳಲ್ಲಿಯೂ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. 1969ರ ಜುಲೈ 19ರಂದು ಬ್ಯಾಂಕು ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಶಿಕ್ಷಣ ಸಂಸ್ಥೆಗಳು

ಮಣಿಪಾಲವು ಆಗ ಮುರಕಲ್ಲಿನ ಬೋಳು ಗುಡ್ಡವಾಗಿತ್ತು. ಅಲ್ಲಿನ ಮಣ್ಣಪಳ್ಳ ಎಂಬ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. 1942ರಲ್ಲಿ ಪೈಯವರು ಇಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಹಾಗೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಎಂಜಿನಿಯರಿಂಗ್ ಕಾಲೇಜು ಮುಂದೆ ಮಣಿಪಾಲ ತಾಂತ್ರಿಕ ಸಂಸ್ಥೆ ಎಂಬ ಹೆಸರನ್ನು ಪಡೆಯಿತು.

ಮಂಗಳೂರಿನ ನಂಟು

ವೈದ್ಯಕೀಯ ಕಾಲೇಜನ್ನು ಆರಂಭಿಸುವಾಗ ಎದುರಾದ ದೊಡ್ಡ ತೊಡಕೆಂದರೆ ಆಸ್ಪತ್ರೆಯ ಕೊರತೆ. ರೋಗಿಗಳಿಲ್ಲದೆ ವೈದ್ಯರನ್ನು ತಯಾರಿಸುವುದು ಸಾಧ್ಯವಿಲ್ಲ, ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆಯೊಂದನ್ನು ತಕ್ಷಣ ಕಟ್ಟುವ ಶಕ್ತಿಯೂ ಇರಲಿಲ್ಲ. ಇದಕ್ಕೆ ಪರಿಹಾರ ದೊರೆತದ್ದು ಮಂಗಳೂರಿನಲ್ಲಿ. ಸರ್ಕಾರದ ಒಪ್ಪಿಗೆಯಿಂದ ನಗರದ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಮತ್ತು ಲೇಡಿ ಗೋಷನ್ ಹೆರಿಗೆ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿಗೆ ವ್ಯವಸ್ಥೆಯಾಯಿತು. ಸರ್ಕಾರಿ ಆಸ್ಪತ್ರೆಯ ಬಡ ರೋಗಿಗಳಿಗೆ ಕಾಲೇಜಿನ ತಜ್ಞ ವೈದ್ಯರ ಸೇವೆ ದೊರೆಯಿತು, ಕಾಲೇಜಿಗೆ ಕಲಿಕೆಯ ನೆಲೆ ದೊರೆಯಿತು. ಸರ್ಕಾರಿ ಆಸ್ಪತ್ರೆಯೂ ಖಾಸಗಿ ಕಾಲೇಜೂ ಕೂಡಿ ನಡೆಸಿದ ಈ ಏರ್ಪಾಡು ದೇಶದಲ್ಲಿ ಆ ಬಗೆಯ ಮೊದಲ ಪ್ರಯೋಗಗಳಲ್ಲಿ ಒಂದು. 1955ರಲ್ಲಿ ಮಂಗಳೂರಿನ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಮಣಿಪಾಲದಲ್ಲಿ 1961ರಲ್ಲಿ ಕಸ್ತೂರಬಾ ಆಸ್ಪತ್ರೆ ತೆರೆಯಿತು.

ಶುಲ್ಕದ ಪ್ರಶ್ನೆ

ಪೈಯವರ ಕೊಡುಗೆಯು ಒಂದೇ ದೊಡ್ಡ ದತ್ತಿಯ ರೂಪದ್ದಲ್ಲ. ಕುಟುಂಬದ ಹಣ, ಶ್ರಮ ಹಾಗೂ ವ್ಯವಹಾರ ಕೌಶಲಗಳೊಂದಿಗೆ ವಿದ್ಯಾರ್ಥಿಗಳು ತೆರುವ ಶುಲ್ಕ ಮತ್ತು ವಂತಿಗೆಗಳು ಸಂಸ್ಥೆಗಳ ಬೆಳವಣಿಗೆಗೆ ಮುಖ್ಯ ಸಂಪನ್ಮೂಲವಾದವು. ಸರ್ಕಾರದ ಅನುದಾನಕ್ಕೆ ಕಾಯದೆ ಕಾಲೇಜು ಕಟ್ಟಬಹುದೆಂದು ಈ ಮಾದರಿ ತೋರಿಸಿಕೊಟ್ಟಿತು. ಆದರೆ ಹಣವಿಲ್ಲದ ಪ್ರತಿಭಾವಂತರಿಗೆ ಇದು ಬಾಗಿಲು ಮುಚ್ಚುತ್ತದೆ, ಇದನ್ನು ಅನುಸರಿಸಿದ ಅನೇಕರು ಶಿಕ್ಷಣವನ್ನು ವ್ಯಾಪಾರವಾಗಿಸಿದರು ಎಂಬ ಟೀಕೆಯೂ ಬಲವಾಗಿ ಕೇಳಿಬಂದಿತು. ಕರ್ನಾಟಕ ಸರ್ಕಾರವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು.

ಈ ವಿವಾದದಲ್ಲಿ ಪೈಯವರ ಹೆಸರು ಅವರ ಮರಣಾನಂತರ ಭಾರತದ ನ್ಯಾಯಾಂಗ ಚರಿತ್ರೆಯನ್ನೂ ಸೇರಿತು. ಟಿ. ಎಂ. ಎ. ಪೈ ಪ್ರತಿಷ್ಠಾನ ಹಾಗೂ ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠವು 2002ರ ಅಕ್ಟೋಬರ್ 31ರಂದು ತೀರ್ಪು ನೀಡಿತು. ಅನುದಾನರಹಿತ ಖಾಸಗಿ ಸಂಸ್ಥೆಗಳಿಗೆ ಶುಲ್ಕ ನಿಗದಿಪಡಿಸಿಕೊಳ್ಳುವ ಸ್ವಾತಂತ್ರ್ಯವಿದೆ, ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿತವಾದ ಉಳಿಕೆಯೂ ಸಮ್ಮತ, ಆದರೆ ಕ್ಯಾಪಿಟೇಶನ್ ಶುಲ್ಕ ಮತ್ತು ಲಾಭಕೋರತನ ಸಲ್ಲದು ಎಂಬುದು ಅದರ ಸಾರಾಂಶ. ದೇಶದ ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕುಗಳ ಚರ್ಚೆಯಲ್ಲಿ ಈ ತೀರ್ಪನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಕುಟುಂಬ ಮತ್ತು ವಿಶ್ವವಿದ್ಯಾಲಯ

ಉಪೇಂದ್ರ ಪೈಯವರ ಪುತ್ರ ಟಿ. ಎ. ಪೈ ಬ್ಯಾಂಕಿನ ನೇತೃತ್ವ ವಹಿಸಿದ್ದರು, ಕೇಂದ್ರ ಸಚಿವರೂ ಆದರು. ಮಾಧವ ಪೈಯವರ ನಿಧನಾನಂತರ ಶಿಕ್ಷಣ ಸಂಸ್ಥೆಗಳ ಹೊಣೆಯನ್ನು ಪುತ್ರ ರಾಮದಾಸ ಪೈ ವಹಿಸಿಕೊಂಡರು. 1993ರಲ್ಲಿ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಗೆ ಪರಿಗಣಿತ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಅದುವರೆಗೆ ಬೇರೆ ವಿಶ್ವವಿದ್ಯಾಲಯಗಳ ಸಂಯೋಜನೆಯಲ್ಲಿದ್ದ ಮಣಿಪಾಲ ಮತ್ತು ಮಂಗಳೂರಿನ ವೈದ್ಯಕೀಯ ಕಾಲೇಜುಗಳು ಇದರ ಅಂಗಸಂಸ್ಥೆಗಳಾದವು. ಬೆಂಗಳೂರು, ಜಮ್ಶೆಡ್‌ಪುರ ಮತ್ತು ದುಬೈಗಳಲ್ಲಿಯೂ ಇಂದು ಈ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿವೆ.

ಗೌರವಗಳು

ಭಾರತ ಸರ್ಕಾರವು 1972ರಲ್ಲಿ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿ ಗೌರವಿಸಿತು. 1999ರಲ್ಲಿ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.